ಎಲಿಜಾ ಹಾಕಿದ ಸಹಿ

ಇವತ್ತು ಗ್ಲೆಂಡೇಲ್‌ನ ಗ್ರಂಥಾಲಯದಲ್ಲಿ ಗೆಳತಿ ಸುಮಾ, ಅವಳ ಅಮೆರಿಕನ್ ಅತ್ತೆ ಹೆಲೆನ್, ನಾನು ಒಂದೇ ಕಂಪ್ಯೂಟರಿನ ಮುಂದೆ ಕೂತಿದ್ದೆವು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಊರವರ ಬಟ್ಟೆ ಒಗೆದು ಬದುಕಿದ ತಮ್ಮ ಮುತ್ತಜ್ಜಿ ಎಲಿಜಾಳನ್ನು ಹೆಲೆನ್ ಹಳೆಯ ದಾಖಲೆಗಳಲ್ಲಿ ಹುಡುಕುತ್ತಿದ್ದಾರೆ. ಎಲಿಜಾಳ ಮದುವೆಯ ದಾಖಲೆ ಹಿಂದೆಯೇ ಸಿಕ್ಕಿತ್ತು. ಅದರಲ್ಲಿ ಸಹಿಯ ಜಾಗದಲ್ಲಿ, ಬರೆಯಲು ಬಾರದವರು ಹಾಕುತ್ತಿದ್ದ ಬರೀ ಒಂದು ಕತ್ತರಿ ಗುರುತು. ಇವತ್ತು ಅವಳ ಮಗಳ ಮದುವೆಯ ದಾಖಲೆ ಸಿಕ್ಕಿತು. ಅಲ್ಲಿ ಸಾಕ್ಷಿಯಾಗಿ ಎಲಿಜಾ ಪೂರ್ತಿ ಹೆಸರನ್ನು ಸೊಟ್ಟ ಅಕ್ಷರಗಳಲ್ಲಿ ತಾನೇ ಬರೆದಿದ್ದಳು.

“ಅಷ್ಟರಲ್ಲಿ ಬರೆಯೋದು ಕಲಿತುಬಿಟ್ಟಿದ್ದಾಳೆ!” ಹೆಲೆನ್ ಇಂಗ್ಲಿಷಿನಲ್ಲಿ ಕೂಗಿದರು. ಅಕ್ಕಪಕ್ಕದವರು ತಿರುಗಿ ನೋಡಿದರು.

“ಯಾರು ಕಲಿಸಿರಬಹುದು?” ಎಂದೆ.

“ಮಗಳೇ ಇರ್ಬೇಕು ಕಣೇ,” ಎಂದ ಸುಮಾ ಅದೇ ದಾಖಲೆಯಲ್ಲಿದ್ದ ತಾಯಿ, ಮಗಳು ಇಬ್ಬರ ಸಹಿಯನ್ನೂ ದೊಡ್ಡದು ಮಾಡಿದಳು.

ಮಗಳು ಇನ್ನೂ ತವರಿನ ಹೆಸರಲ್ಲೇ ಸಹಿ ಹಾಕಿದ್ದರಿಂದ ಮನೆತನದ ಹೆಸರು ಇಬ್ಬರದೂ ಒಂದೇ. ಅದರ ಕೊನೆಯ ಅಕ್ಷರದ ಬಾಲ ಎರಡರಲ್ಲೂ ಒಂದೇ ಥರ ಮೇಲಕ್ಕೆ ಸುತ್ತಿಕೊಂಡಿತ್ತು.