ಹತ್ತಿಹೊಲಕ್ಕೆ ಹೋದ ಬುದ್ಧರು

ಎಶ್‌ಕೋಬಿಲ್ ತೀರಿಕೊಂಡು ನಿನ್ನೆಗೆ ನಲವತ್ತು ದಿನ. ಊರೆಲ್ಲ ಅವನ ಮನೆಯಲ್ಲಿ ಪಲಾವ್ ಉಂಡು, ಅಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎಂದು ಕೈ ತೊಳೆದುಕೊಂಡಿತು. ಬದುಕಿದ್ದಾಗ ಅವನ ಪರವಾಗಿ ಒಂದು ಮಾತಾಡಲು ಒಬ್ಬನಿಗೂ ನಾಲಿಗೆ ಇರಲಿಲ್ಲ. ನಾನೂ ಅವರಲ್ಲೊಬ್ಬ.

ತೆರ್ಮೆಜ್ ಪಟ್ಟಣದ ಪಕ್ಕದ ನಮ್ಮ ನೆಲ ಬರೀ ಉಪ್ಪು. ನೀರು ಹಾಯಿಸಿದಷ್ಟೂ ಬೆಳ್ಳಗೆ ಮೇಲೆ ಬರುತ್ತದೆ. ಅದಕ್ಕೆ ಹಿರಿಯರು ಕಂಡುಕೊಂಡ ಮದ್ದು ಒಂದೇ: ಹಳೆಯ ಮಣ್ಣುಗೋಡೆಗಳನ್ನು ಕೆಡವಿ, ಪುಡಿ ಮಾಡಿ ಹೊಲಕ್ಕೆ ಹರಡುವುದು. ಆ ಮಣ್ಣು ಬಿದ್ದ ಕಡೆ ಹತ್ತಿ ಸೊಂಟದೆತ್ತರ ಬೆಳೆಯುತ್ತಿತ್ತು. ಊರಿನ ಹಾಳುಗೋಡೆಗಳೆಲ್ಲ ಮುಗಿದ ವರ್ಷ, ಸಾಮೂಹಿಕ ಬೇಸಾಯದ ಅಧ್ಯಕ್ಷರು ಸಭೆ ಕರೆದು ಊರಾಚೆಯ ಹಳೆಯ ಮಣ್ಣುದಿಬ್ಬದ ಕಡೆಗೆ ಕೈ ತೋರಿಸಿದರು. ಆ ಚಳಿಗಾಲವಿಡೀ ಊರಿಗೆ ಊರೇ ಕತ್ತೆಗಾಡಿ ಕಟ್ಟಿಕೊಂಡು ದಿಬ್ಬ ಅಗೆಯಿತು.

ನನಗೂ ಎಶ್‌ಕೋಬಿಲ್‌ಗೂ ಆಗ ಹದಿನೆಂಟು. ಒಂದು ಮಧ್ಯಾಹ್ನ ಅವನ ಗುದ್ದಲಿಗೆ ಮುಖವೊಂದು ಸಿಕ್ಕಿತು. ಸುಡದ ಮಣ್ಣಿನದು, ಅರೆಮುಚ್ಚಿದ ಕಣ್ಣು, ತುಟಿಗೆ ಕೆಂಪು ಬಣ್ಣ. ಅವನು ಅದನ್ನೇ ನೋಡುತ್ತ ನಿಂತ.

‘ಹೆಣ್ಣು ನೋಡೋಕೆ ಬಂದಿದೀಯೇನೋ? ತುಂಬೋ ಗಾಡಿ!’ ಎಂದು ಮೇಸ್ತ್ರಿ ಕೂಗಿದ.

ಎಶ್‌ಕೋಬಿಲ್ ಅದನ್ನು ಮೆಲ್ಲಗೆ ಗಾಡಿಯಲ್ಲಿಟ್ಟ. ಹೊಲಕ್ಕೆ ಹೆಂಟೆ ಹೋಗಬಾರದಲ್ಲ, ಗುದ್ದಲಿಯ ಹಿಂಬದಿಯಿಂದ ಅದನ್ನು ಪುಡಿ ಮಾಡಿದವನು ನಾನು.

ಹತ್ತು ವರ್ಷದ ಮೇಲೆ ತಾಷ್ಕೆಂಟಿನಿಂದ ಮುಕದ್ದಸ್ ಎಂಬ ವಿದ್ವಾಂಸೆ ಬಂದು ಉಳಿದ ಅರ್ಧ ದಿಬ್ಬವನ್ನು ಅಗೆಸತೊಡಗಿದಳು. ಅದು ಬೌದ್ಧರ ವಿಹಾರವಂತೆ. ಸಾರ್ಥವಾಹರ ಜೊತೆ ಬಂದ ಭಿಕ್ಷುಗಳು ಅಲ್ಲಿ ಇಳಿದುಕೊಳ್ಳುತ್ತಿದ್ದರಂತೆ. ಎಶ್‌ಕೋಬಿಲ್ ಮೊದಲ ದಿನವೇ ಹೋಗಿ ಕೂಲಿಗೆ ಸೇರಿದ. ಅಲ್ಲಿ ಗೋಡೆಯೂ ಮಣ್ಣು, ಗೋಡೆಯ ಮೇಲೆ ಬಿದ್ದದ್ದೂ ಮಣ್ಣು. ಎರಡನ್ನೂ ಬೇರೆ ಮಾಡುವ ವಿದ್ಯೆ ಅವನ ಕೈಗೆ ಒಲಿಯಿತು. ಬಿದ್ದ ಮಣ್ಣು ಚಾಕುವಿಗೆ ಬೇಗ ಸೋಲುತ್ತದೆ ಎನ್ನುತ್ತಿದ್ದ. ಮೂವತ್ತು ವರ್ಷ ಅಗೆದ, ಆಮೇಲೆ ಅಲ್ಲೇ ಕಾವಲುಗಾರನೂ ಆದ.

ದೊಡ್ಡ ಹಜಾರದಲ್ಲಿ ಒಂಬತ್ತು ಪೀಠಗಳು ಸಿಕ್ಕವು. ಒಂದೊಂದರ ಮೇಲೂ ಬರೀ ಪಾದಗಳು. ಯಾವುದೋ ಕಾಲದ ಕುದುರೆ ದಂಡು ಮೂರ್ತಿಗಳನ್ನು ಒಡೆಯಿತೆಂದು ಮುಕದ್ದಸ್ ಬರೆದಳು. ಬಂದವರಿಗೆಲ್ಲ ಅವಳು ಅದನ್ನು ಹೇಳುವಾಗ ಎಶ್‌ಕೋಬಿಲ್ ತಲೆ ತಗ್ಗಿಸಿ ಆ ಪಾದಗಳ ಧೂಳು ಒರೆಸುತ್ತಿರುತ್ತಿದ್ದ.

ಮ್ಯೂಸಿಯಂ ಕಟ್ಟುವ ಸುದ್ದಿ ಬಂದಾಗ ನನ್ನ ಚಹಾದಂಗಡಿಗೆ ಬಂದ.

‘ಸಫರ್, ಮುಕದ್ದಸ್ ಅಕ್ಕನ ಹತ್ರ ಹೇಳ್ಬಿಡ್ತೀನಿ. ನೀನೂ ಬಾ.’

‘ಏನಂತ?’

‘ಪಾದ ಅಲ್ಲಿದೆ, ಮೈ ನಮ್ಮ ಹೊಲದಲ್ಲಿದೆ ಅಂತ. ಎಂದೋ ಸತ್ತ ದಂಡಿನೋರ ಮೇಲೆ ತಪ್ಪು ಯಾಕಪ್ಪಾ ಹಾಕ್ಬೇಕು?’

‘ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರಂತೆ. ಹೋಗೋ, ಚಾ ಕುಡಿ.’

ಒಬ್ಬನೇ ಹೋದ. ಮುಕದ್ದಸ್ ಅತ್ತಳಂತೆ. ತಾನು ಮಾಡಿದ್ದನ್ನು ಅವನು ಒಪ್ಪಿಕೊಂಡದ್ದಾಯಿತು. ಆದರೆ ಅಧ್ಯಕ್ಷರ ಅಪ್ಪಣೆಯಿಂದ ಊರೇ ಅಗೆಯಿತು ಎಂದು ಬರೆಯಬೇಕಾದರೆ ಇನ್ನೊಬ್ಬರ ಸಹಿ ಬೇಕು ಎಂದಳಂತೆ. ಎಶ್‌ಕೋಬಿಲ್ ಮನೆಮನೆ ತಿರುಗಿದ. ಕೊನೆಗೆ ಕಾಗದ ಹಿಡಿದು ನನ್ನ ಮುಂದೆ ಬಂದು ನಿಂತ. ಆ ಅಧ್ಯಕ್ಷರ ಮಗನೇ ಈಗ ಜಿಲ್ಲೆಗೆ ದೊಡ್ಡ ಅಧಿಕಾರಿ. ನನ್ನ ಅಂಗಡಿ ನಿಂತಿರುವುದು ಅವನ ದಯೆಯಲ್ಲಿ.

‘ನಂಗೇನೂ ನೆನಪಿಲ್ಲ ಮಾರಾಯ,’ ಎಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವನ ಕಾವಲಿನ ಕೆಲಸ ಹೋಯಿತು. ಮ್ಯೂಸಿಯಂ ಬಾಗಿಲು ತೆರೆಯಿತು. ಅಲ್ಲಿಯವರು, ಎಶ್‌ಕೋಬಿಲ್ ಒಪ್ಪಿಕೊಂಡದ್ದರ ಬಗ್ಗೆ ಮುಕದ್ದಸ್ ಬರೆದದ್ದನ್ನು ತಮಗೆ ಬೇಕಾದ ಹಾಗೆ ತಿದ್ದಿ ಫಲಕ ಹಾಕಿದರು. ಶಾಲೆಯ ಮಕ್ಕಳನ್ನು ಕರೆದೊಯ್ದ ದಿನ, ಎಶ್‌ಕೋಬಿಲ್‌ನ ಮೊಮ್ಮಗಳು ಗುಲ್ಸಾರಾ ನೋಟ್‌ಬುಕ್ ಹಿಡಿದು ನೇರ ಅಂಗಡಿಗೇ ಓಡಿಬಂದಳು. ನಾವಿಬ್ಬರೂ ಎದುರುಬದುರು ಕೂತಿದ್ದೆವು. ಫಲಕದಿಂದ ಬರೆದುಕೊಂಡದ್ದನ್ನು ಅವಳು ನಿಂತೇ ಓದಿದಳು: ‘ಈ ಒಂಬತ್ತು ಮೂರ್ತಿಗಳನ್ನು ಇದೇ ಊರಿನ ಅಜ್ಞಾನಿ ಕೂಲಿಯೊಬ್ಬ ಗೊಬ್ಬರಕ್ಕಾಗಿ ಒಡೆದು ಹಾಕಿದನು.’

‘ಯಾರು ತಾತ ಅವ್ನು? ಎಂಥಾ ಪಾಪಿ! ನಿಂಗೊತ್ತಾ?’

ಎಶ್‌ಕೋಬಿಲ್ ನನ್ನ ಮುಖವನ್ನೇ ನೋಡಿದ.

‘ಸಫರ್ ತಾತಂಗೊತ್ತು ಮಗ. ಕೇಳು.’

ಹುಡುಗಿ ನನ್ನ ಕಡೆ ತಿರುಗಿದಳು. ಒಂದೇ ಒಂದು ಮಾತು ಬೇಕಿತ್ತು. ಅಧಿಕಾರಿ ಅಲ್ಲಿರಲಿಲ್ಲ, ಕಾಗದವಿರಲಿಲ್ಲ, ಸಹಿ ಹಾಕಬೇಕಾಗಿರಲಿಲ್ಲ.

‘ಯಾರೋ ಒಬ್ಬ ಇದ್ದ ಕಣಮ್ಮ,’ ಎಂದೆ. ‘ಸತ್ತೋದ.’

ಎಶ್‌ಕೋಬಿಲ್ ಬಟ್ಟಲು ಕೆಳಗಿಟ್ಟು, ಮೊಮ್ಮಗಳ ಕೈ ಹಿಡಿದುಕೊಂಡು ಎದ್ದುಹೋದ. ಆಮೇಲೂ ಎರಡು ವರ್ಷ ಬದುಕಿದ್ದ. ದಿನವೂ ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದ. ಒಂದು ದಿನವೂ ಇತ್ತ ತಿರುಗಿ ನೋಡಲಿಲ್ಲ.