ನನ್ನ ಲಾಗಿನ್‌ಗೆ ಕಾಣದ ಗಂಗಮ್ಮ

“ತಾಯಿ, ಮೊನ್ನೆ ಈ ಕಂಪ್ಯೂಟರ್‌ನಾಗೆ ಇದ್ಲಲ್ಲ, ಈಗ ಎಲ್ಲಿಗೆ ಹೋದ್ಲು?” ಎಂದು ಯಲ್ಲದಕೆರೆಯ ಕುರಿಗಾಹಿ ಈರಣ್ಣ, ಹಿರಿಯೂರಿನ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿದ್ದ ನನ್ನನ್ನು ಕೇಳಿದರು.

ತಿಥಿಯ ದಿನ ಹಾರ ಹಾಕಲು ಅವರಿಗೆ ಹೆಂಡತಿ ಗಂಗಮ್ಮನ ಫೋಟೊ ಬೇಕಿತ್ತು. ಆಧಾರ್ ಕಾರ್ಡಿನಲ್ಲಿ ಇರುತ್ತದಲ್ಲ ಎಂದೆ. “ಅದು ಅವ್ಳಲ್ಲ ಬಿಡ್ರಿ, ಯಾರೋ ಕಳ್ಳಿ ಇದ್ದಂಗೆ ಐತೆ” ಎಂದರು. ಹೋದ ವಾರ ಆಕೆಯ ಸಾವನ್ನು ತಿಳಿಸಲು ಅವರು ಬಂದಿದ್ದಾಗ, ಹಿಂದೆ ಆಕೆಯ ಪಿಂಚಣಿ ಅರ್ಜಿಗೆಂದು ನಾವೇ ತೆಗೆದಿದ್ದ ಫೋಟೊ ಪರದೆಯ ಮೇಲಿತ್ತು. ಬಂದ ನಗುವನ್ನು ತಡೆಯಲು ತುಟಿ ಕಚ್ಚಿಕೊಂಡಿದ್ದ ಮುಖ. ಅದನ್ನು ಅರೆಗಳಿಗೆ ನೋಡಿ ನಾನು ‘ಮರಣ’ ಎಂದು ದಾಖಲಿಸಿದ್ದೆ. ಹಾಗೆ ದಾಖಲಾದವರ ವಿವರ ತಾಲ್ಲೂಕಿನ ಲಾಗಿನ್‌ಗೆ ಮತ್ತೆ ಕಾಣುವುದಿಲ್ಲ. ಚಿತ್ರದುರ್ಗದ ಅಧಿಕಾರಿಯ ಲಾಗಿನ್‌ಗೆ ಮಾತ್ರ ಕಾಣುತ್ತದೆ. ಅಲ್ಲಿಗೆ ಫೋನ್ ಮಾಡಿದೆ. ಫೋಟೊ ಹೊರಗೆ ಕೊಡಲು ಬರುವುದಿಲ್ಲ ಎಂದರು.

ಇದನ್ನೆಲ್ಲ ಈರಣ್ಣನಿಗೆ ವಿವರಿಸಿದೆ. ಅವರು ಹೆಗಲ ಕಂಬಳಿ ಸರಿಪಡಿಸಿಕೊಂಡು, ಸಾಲಿನಲ್ಲಿ ಹಿಂದಿದ್ದವರಿಗೆ ಕೇಳಿಸದಂತೆ ಕಿಟಕಿಯೊಳಗೆ ಬಾಗಿದರು.

“ಹಂಗಾರೆ ಸತ್ತಿಲ್ಲ ಅಂತ ಬರ್ಕಳ್ರಿ. ಆವಾಗ ಕಾಣ್ತಾಳಾ?”

ಈಗ ಯಾರಾದರೂ ಸಾವಿನ ಸುದ್ದಿ ಹೊತ್ತು ಬಂದರೆ, ‘ಮರಣ’ದ ಗುಂಡಿ ಒತ್ತುವ ಮೊದಲು ಪರದೆಯನ್ನು ಅವರ ಕಡೆಗೆ ತಿರುಗಿಸುತ್ತೇನೆ. ಅವರು ನೋಡಿ ಮುಗಿಸುವವರೆಗೂ ಕಾಯುತ್ತೇನೆ.