ರೇಸ್ ಕೊಟ್ಟರೆ ಎಡವುವ ಫಟಫಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಡಿ ಸ್ಟೇಷನ್ನಿನ ಹಿಂದೆ, ಬೇವಿನ ಮರದ ಕೆಳಗೆ, ಹಾಜಿಮಲಂಗ್ ಅವರು ಕುಕ್ಕರಗಾಲಲ್ಲಿ ಕೂತು ಒಂದು ಫಟಫಟಿಯ ಸದ್ದಿಗೆ ಕಿವಿಗೊಟ್ಟಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಫೌಜಿನವರು ಹರಾಜು ಹಾಕಿದ ಹಳೆಯ ಮೋಟಾರ್ ಸೈಕಲ್ ಅದು. ಮೆಲ್ಲಗೆ ಓಡಿಸಿದರೆ ಬಲು ಸಾಧು. ರೇಸ್ ಏರಿಸಿ ಹಿಡಿದರೆ ಸ್ವಲ್ಪ ಹೊತ್ತು ಗುಡುಗಿ, ಆಮೇಲೆ ಎಡವುತ್ತದೆ, ಕೆಮ್ಮುತ್ತದೆ, ದನಿ ಬಿದ್ದುಹೋಗುತ್ತದೆ.

ಪಕ್ಕದಲ್ಲಿ ನಿಂತಲ್ಲಿ ನಿಲ್ಲಲಾರದೆ ಸುತ್ತುತ್ತಿರುವವರು ಚಂದ್ರಾಮ. ಊರೂರಿಗೆ ಹೋಗಿ ಸಿಡುಬಿನ ಟೀಕಾ, ಅಂದರೆ ಲಸಿಕೆ, ಹಾಕುವ ಸರಕಾರಿ ನೌಕರರು. ಚಿಮ್ಮನಚೋಡದಲ್ಲಿ ಸಿಡುಬು ಎದ್ದಿದೆ. ಹೈದರಾಬಾದಿನಿಂದ ರೈಲಿನಲ್ಲಿ ಬಂದ ಔಷಧದ ನಳಿಗೆಗಳು ಬರ್ಫದ ಡಬ್ಬಿಯೊಳಗೆ, ಹಿಂದಿನ ಸೀಟಿಗೆ ಬಿಗಿಸಿಕೊಂಡು ಕೂತಿವೆ. ಬರ್ಫ ಕರಗಿದರೆ ಔಷಧ ಕೆಟ್ಟಂತೆ. ಸೇಡಂ ದಾಟಿ, ಚಿಂಚೋಳಿ ದಾಟಿ ಹೋಗಬೇಕು, ಅದೂ ಏಪ್ರಿಲ್ ಬಿಸಿಲಿನಲ್ಲಿ. ಡಬ್ಬಿಯ ಅಡಿಯಿಂದ ಆಗಲೇ ನೀರು ಹನಿಯುತ್ತಿದೆ.

"ಮೆಲ್ಲಕ ಹೋದ್ರ ಹೋಗ್ತದ್ರಿ ಮಾಮಾ. ಮೆಲ್ಲಕ ಹೋಗಿ ಏನ್ ಮಾಡ್ಲಿ? ಬರೇ ನೀರು ಒಯ್ದಂಗ ಆಗ್ತದ," ಎನ್ನುತ್ತಾರೆ ಚಂದ್ರಾಮ.

"ಕುಂದ್ರಿ ಚಂದ್ರಾಮಣ್ಣ. ನೀವು ಹಿಂಗ ತಿರುಗಾಡಾಕತ್ರ ನನಗ ಸಪ್ಪಳ ಕೇಳಂಗಿಲ್ಲ."

ಕೂರುವುದು ಹೇಗೆ? ಹಾಜಿಮಲಂಗ್ ಅವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದ ನನಗೇ ಕೂರಲಾಗುತ್ತಿಲ್ಲ.

ವಾಡಿ, ಶಹಾಬಾದ್, ಚಿತ್ತಾಪುರದ ಕಡೆ ಕೆಟ್ಟು ನಿಂತ ಎಂಜಿನ್ನುಗಳೆಲ್ಲ ಕೊನೆಗೆ ಬರುವುದು ಈ ಮರದ ಕೆಳಗೆ. ಅಂಗಡಿಗೆ ಬೋರ್ಡಿಲ್ಲ, ಯಾಕೆಂದರೆ ಅಂಗಡಿಯೇ ಇಲ್ಲ. ಹಾಜಿಮಲಂಗ್ ಕೆಲಸ ಕಲಿತದ್ದು ಸಿಕಂದರಾಬಾದಿನ ಫೌಜಿ ಶೆಡ್ಡಿನಲ್ಲಿ. ರಜಾಕಾರರ ಗದ್ದಲದ ವರ್ಷ ಊರು ಬಿಡುವಾಗ ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆಯನ್ನು ಬಾವಿಗೆ ಹಾಕಿ ಹೋಗಿದ್ದರಂತೆ. ಮರಳಿ ಬಂದವರು ಮನೆಯ ಬಾಗಿಲು ತೆಗೆಯುವ ಮೊದಲು ಬಾವಿಗಿಳಿದರು. ಎದುರಿನ ಚಹಾದಂಗಡಿಯಲ್ಲಿ ಹೈದರಾಬಾದ್ ಸಂಸ್ಥಾನ ಒಡೆದರೆ ನಾವು ಯಾರ ಕಡೆಗೆ ಎಂಬ ವಾದ ದಿನವೂ ಜೋರು. ಇವರು ಅತ್ತ ತಲೆ ಹಾಕುವುದಿಲ್ಲ.

ಆದರೆ ಇವತ್ತು ಅವರ ಕೈ ಅವಸರದಲ್ಲಿದೆ. ಕಾರಣ ಹೇಳಿದ್ದು ಮರದ ಹಿಂದಿನ ತಮ್ಮ ಮನೆಯಿಂದ ಚಹಾ ತಂದ ಅವರ ಹೆಂಡತಿ ನಜಮುನ್ನೀಸಾ. "ನಮ್ಮ ಮಗಳೂ ಇದೇ ಸಿಡುಬಿನಾಗ ಹೋದಳ್ರಿ. ಆಗೂ ಟೀಕಾದವ್ರು ಬಂದ್ರು. ಮಣ್ಣು ಮಾಡಿದ ಮರುದಿನ ಬಂದ್ರು."

ಹಾಜಿಮಲಂಗ್ ಪಾನಾ ಎತ್ತಿಕೊಳ್ಳುತ್ತಾರೆ. ಪ್ಲಗ್ ಬಿಚ್ಚಿ ನೋಡುತ್ತಾರೆ. ತುದಿ ಬೆಳ್ಳಗಿದೆ. "ಹಸದದ್ರಿ ಇದು. ಪೆಟ್ರೋಲ್ ಸಿಗವಲ್ದು." ಕಾರ್ಬುರೇಟರ್ ಬಿಚ್ಚಿ ಊದುತ್ತಾರೆ, ಪೆಟ್ರೋಲ್ ಇಳಿಯುವ ನಳಿಗೆ ತೊಳೆಯುತ್ತಾರೆ, ಮತ್ತೆ ಜೋಡಿಸಿ ರೇಸ್ ಕೊಡುತ್ತಾರೆ. ಮತ್ತದೇ ಎಡವು. ಬಿಸಿಲು ಏರುತ್ತಿದೆ. ಚಂದ್ರಾಮ ತಮ್ಮ ಅಂಗವಸ್ತ್ರ ನೆನೆಸಿ ಡಬ್ಬಿಗೆ ಸುತ್ತುತ್ತಾರೆ.

ಪೆಟ್ರೋಲೇ ಮುಗಿದಿರಬಹುದೆಂದು ಚಂದ್ರಾಮ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ 'ಸುಂಯ್' ಎಂದು ಗಾಳಿ ಒಳಗೆ ಎಳೆದ ಸದ್ದಾಗುತ್ತದೆ. ಹಾಜಿಮಲಂಗ್ ಅವರ ಕೈ ಅಲ್ಲೇ ನಿಲ್ಲುತ್ತದೆ. ಮುಚ್ಚಳ ಇಸಿದುಕೊಂಡು ನೋಡಿದವರ ಮುಖ ಬಿಳಿಚಿಕೊಳ್ಳುತ್ತದೆ.

ಇಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಧೂಳು ಎಲ್ಲೆಲ್ಲೂ ನುಗ್ಗುತ್ತದೆ. ಕುಡಿಯುವ ನೀರಿನ ಕೊಡಕ್ಕೂ ಬಟ್ಟೆ, ಗಣಿಯವರ ಬಾಯಿಗೂ ಬಟ್ಟೆ. ತೂತು ಕಂಡರೆ ಮುಚ್ಚುವುದು ಈ ಊರಿನವರಿಗೆ ರೂಢಿ. ಟ್ಯಾಂಕಿನ ಮುಚ್ಚಳದ ನಡುವೆ ಒಂದು ಸಣ್ಣ ತೂತಿರುತ್ತದೆ. ಪೆಟ್ರೋಲ್ ಇಳಿದಂತೆ ಅದರಿಂದ ಗಾಳಿ ಒಳಗೆ ಹೋಗಬೇಕು. ಅದಕ್ಕೆ ಅರಗು ತುಂಬಿದೆ. ಮೆಲ್ಲಗೆ ಹೋಗುವಾಗ ಹೇಗೋ ಇಳಿಯುತ್ತಿದ್ದ ಪೆಟ್ರೋಲ್, ರೇಸ್ ಏರಿದಾಗ ಸಾಲುತ್ತಿರಲಿಲ್ಲ.

"ನಂದೇ ತಪ್ಪ್ರಿ ಚಂದ್ರಾಮಣ್ಣ. ಧೂಳು ಹೋಗಬಾರದಂತ ಹೋದ ವಾರ ನಾನೇ ತುಂಬೀನಿ. ಅದರ ಉಸಿರೇ ಕಟ್ಟಿಸೀನಿ."

ಚಂದ್ರಾಮ ಬೈಯುವುದಿಲ್ಲ. ಬೈಯಲು ಹೊತ್ತಿಲ್ಲ. ಮುಚ್ಚಳವನ್ನು ಒರೆಸಿ ಒಲೆಯ ಹತ್ತಿರ ಒಯ್ಯುತ್ತಾರೆ. ನಜಮುನ್ನೀಸಾ ಕಾಯಿಸಿಕೊಟ್ಟ ದಬ್ಬಣಕ್ಕೆ ಅರಗು ಕರಗಿ ತೂತು ತೆರೆಯುತ್ತದೆ. ಈ ಸಲ ರೇಸ್ ಕೊಟ್ಟಾಗ ಎಂಜಿನ್ ಗುಡುಗಿದ್ದು ಗುಡುಗುತ್ತಲೇ ಇರುತ್ತದೆ. ಚಂದ್ರಾಮ ಕೂತದ್ದೂ ಹೊರಟದ್ದೂ ಒಂದೇ.

ಆಮೇಲಿನ ಹಗಲು ಬಲು ಕೆಟ್ಟದ್ದು. ಹಾಜಿಮಲಂಗ್ ಒಂದು ಕೆಲಸ ಹಿಡಿಯುತ್ತಾರೆ, ಬಿಡುತ್ತಾರೆ. ಅವರ ರೊಟ್ಟಿ ತಟ್ಟೆಯಲ್ಲೇ ಒಣಗುತ್ತದೆ. "ಬೆಳಿಗ್ಗಿನ ಹೊತ್ತೆಲ್ಲಾ ನಾನೇ ತಿಂದು ಹಾಕೀನ್ರಿ, ಇನ್ನ ರೊಟ್ಟಿ ಹೆಂಗ ಇಳೀತದ?" ಎನ್ನುತ್ತಾರೆ.

ಇಳಿಹೊತ್ತಿಗೆ ಚಿಂಚೋಳಿ ಕಡೆಯಿಂದ ಬಂದ ಲಾರಿ ಡ್ರೈವರ್ ಶೌಕತ ಅಲಿ ಇಳಿಯುವ ಮೊದಲೇ ಸುದ್ದಿ ಹೇಳುತ್ತಾರೆ: "ಬರ್ಫ ಇನ್ನಾ ಒಂದು ಹಿಡಿ ಉಳಿದಿತ್ತಂತ, ಹಾಜಿಭಾಯ್. ಟೀಕಾ ಹಾಕಾಕತ್ತಾರ. ಆದ್ರ ಫಟಫಟಿ ಸಪ್ಪಳ ಕೇಳಿದ್ದೇ ತಡ, ಚುಚ್ಚತಾರಂತ ಹುಡುಗರೆಲ್ಲಾ ಓಡಿಹೋಗಿ ಜ್ವಾಳದ ಕಣಕಿ ಬಣವಿ ಹಿಂದ ಅಡಗ್ಯಾರಂತ. ಹಿಡಿದು ತರೂದೇ ಕೆಲಸ ಆಗ್ಯದ."

ಹಾಜಿಮಲಂಗ್ ಮೊದಲ ಸಲ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಮನೆಯೊಳಗಿನಿಂದ ನಜಮುನ್ನೀಸಾ ಕೂಡ ಬಂದು ಬಾಗಿಲಲ್ಲಿ ನಿಂತಿದ್ದಾರೆ.

"ಓಡ್ಲಿ ಬಿಡ್ರಿ," ಎನ್ನುತ್ತಾರೆ ನಜಮುನ್ನೀಸಾ. "ಓಡಾಕ ಮಕ್ಕಳು ಇರಬೇಕಲ್ರಿ."